ಚಕ್ಕುಬಂದಿ ನೋಡದೆ ಸ್ಲ್ಯಾಶ್ ಹಾಕ್ಬೇಡಿ

ಮೊದಲೇ ಒಪ್ಕೊಂಡುಬಿಡ್ತೀನಿ, ತಪ್ಪು ನನ್ನದೇ. ಹೋದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಹದಿನಾರು ಕಂಪ್ಯೂಟರ್‌ಗಳಿಗೆ ಮಾತ್ರ ಸರ್ವರ್ ಸಿಗುವ ಹಾಗೆ ಫೈರ್‌ವಾಲ್ ರೂಲ್ ಬರೆಯೋ ಕೆಲಸ ನನಗೆ ಬಿತ್ತು. ವಿಳಾಸಗಳು 192.168.10.10 ರಿಂದ 192.168.10.25 ರವರೆಗೆ. ಹದಿನಾರು ಅಂದ್ರೆ /28 ಅಂತ ಬಾಯಿಪಾಠ ಆಗಿತ್ತು. 192.168.10.10/28 ಅಂತ ಬರೆದು ಕೈ ತೊಳ್ಕೊಂಡೆ. ಹತ್ತು ಜನ ಕ್ಲಾಸ್‌ಮೇಟ್ಸ್‌ಗೆ ಸರ್ವರ್ ತೆರೆಯಲೇ ಇಲ್ಲ, ಅವರ ಅವತ್ತಿನ ಸಬ್‌ಮಿಷನ್ ಹೋಯ್ತು. ಅದೇ ಹೊತ್ತಿಗೆ ಪಟ್ಟಿಯಲ್ಲೇ ಇಲ್ಲದ ಬೇರೆ ಹತ್ತು ವಿಳಾಸಗಳಿಗೆ ಬಾಗಿಲು ತೆರೆದಿತ್ತು.

ಆ ವಾರ ಹಿರೇನಲ್ಲೂರಿಗೆ ಹೋದಾಗ ಅಜ್ಜ ಜಗಲಿಯಲ್ಲಿ ತೋಟದ ಪಹಣಿ ಹಿಡಿದು ಕೂತಿದ್ರು. ಮುಖ ಯಾಕೆ ಬಾಡಿದೆ ಅಂತ ಕೇಳಿದ್ರು. ನನಗೆ ತಿಳಿದ ಕನ್ನಡದಲ್ಲಿ ತಡವರಿಸಿಕೊಂಡು ಹೇಳಿದೆ. ಅಜ್ಜ ನಕ್ಕರು. "ಸ್ಲ್ಯಾಶ್ ನಮ್ಮಲ್ಲೂ ಐತಲ್ಲಪ್ಪ, ಸರ್ವೆ ನಂಬರ್ ಆದ್ಮೇಲೆ ಹಿಸ್ಸಾ ನಂಬರ್. ಆದ್ರೆ ಹದಿನಾರು ಗುಂಟೆ ಅಂತ ಬರೆದ್ರೆ ಸಾಕಾ? ಯಾವ ಹದಿನಾರು ಗುಂಟೆ? ಚಕ್ಕುಬಂದಿ ಎಲ್ಲಿ?"

ನನ್ನ ತಪ್ಪು ಅಷ್ಟೇ ಆಗಿತ್ತು. ಎಷ್ಟು ಅಂತ ಎಣಿಸಿದ್ದೆ, ಎಲ್ಲಿಂದ ಶುರು ಅಂತ ನೋಡಿರಲಿಲ್ಲ.

ಹಿಸ್ಸಾದ ಸ್ಲ್ಯಾಶ್ ಎಷ್ಟನೇ ತುಂಡು ಅಂತ ಹೇಳುತ್ತೆ. ನೆಟ್‌ವರ್ಕ್‌ನ ಸ್ಲ್ಯಾಶ್ 32 ಬಿಟ್‌ಗಳಲ್ಲಿ ಎಷ್ಟು ಬಿಟ್ ಬದಲಾಗಬಾರದು ಅಂತ ಹೇಳುತ್ತೆ. /28 ಅಂದ್ರೆ ನಾಲ್ಕು ಬಿಟ್ ಮಾತ್ರ ಸ್ವತಂತ್ರ, ಅಂದ್ರೆ 16 ವಿಳಾಸ. ಆದರೆ ಆ ತುಂಡು 0, 16, 32 ಹೀಗೆ ಹದಿನಾರರ ಮಗ್ಗಿಯಲ್ಲೇ ಶುರುವಾಗಬೇಕು. ಹಾಗಾಗಿ 10/28 ಅಂದ್ರೆ ಯಂತ್ರಕ್ಕೆ 0 ರಿಂದ 15 ಅಂತ ಅರ್ಥ. ಸರ್ವೆಯವರು ಜಮೀನನ್ನ ಬೇಕಾದ ಹಾಗೆ ಕೊಯ್ಯಬಹುದು, ಇಲ್ಲಿ ಹಾಗಾಗಲ್ಲ.

ಸರಿಯಾದ ದಾರಿ ಸುಲಭ. ಶುರುವಿನ ಸಂಖ್ಯೆ ತಗೊಳ್ಳಿ. 2, 4, 8, 16 ಇವುಗಳಲ್ಲಿ ಅದನ್ನ ಶೇಷ ಇಲ್ಲದೆ ಭಾಗಿಸುವ, ಕೊನೆಯನ್ನೂ ದಾಟದ ಅತಿ ದೊಡ್ಡ ತುಂಡು ಕತ್ತರಿಸಿ. ಉಳಿದದ್ದಕ್ಕೆ ಮತ್ತೆ ಅದೇ. ಒಂದೂ ಹೊಂದದಿದ್ದರೆ ಒಂಟಿ ವಿಳಾಸ, ಅದು /32. ಈಗ ನನ್ನ ಲೆಕ್ಕ: 10 ಎರಡರಿಂದ ಮಾತ್ರ ಭಾಗವಾಗುತ್ತೆ, 10–11 ಅಂದ್ರೆ /31. 12 ನಾಲ್ಕರಿಂದ, 12–15 ಅಂದ್ರೆ /30. 16ಕ್ಕೆ ಹದಿನಾರರ ತುಂಡು ಹಾಕಿದ್ರೆ 25 ದಾಟುತ್ತೆ, ಆದ್ದರಿಂದ ಎಂಟು, 16–23 ಅಂದ್ರೆ /29. ಉಳಿದದ್ದು 24–25, ಅದು /31. ಎರಡು, ನಾಲ್ಕು, ಎಂಟು, ಎರಡು, ಕೂಡಿದರೆ ಹದಿನಾರು. ನಾಲ್ಕು ಸಾಲು ಬರೆಯಬೇಕಿತ್ತು, ನಾನು ಒಂದೇ ಬರೆದೆ.

"ಒಂದು ದೊಡ್ಡ /27 ಹಾಕಿಬಿಡು, ಎಲ್ಲ ಒಳಗೆ ಬರುತ್ತೆ" ಅಂದ ಫ್ರೆಂಡ್ ಒಬ್ಬ. ಬರುತ್ತೆ ನಿಜ. ಜೊತೆಗೆ ಸಂಬಂಧ ಇಲ್ಲದ 16 ವಿಳಾಸಗಳೂ ಬರುತ್ತವೆ. ಊರಲ್ಲಿ ಇದನ್ನ ಬೇಲಿ ಸರಿಸೋದು ಅಂತಾರೆ. ಅನುಮತಿ ಕೊಡುವಾಗ ಹೀಗೆ ಮಾಡಿದ್ರೆ ಕಳ್ಳನಿಗೆ ಬಾಗಿಲು, ತಡೆಯುವಾಗ ಮಾಡಿದ್ರೆ ಏನೂ ಮಾಡದ ಪಕ್ಕದವನಿಗೆ ಬೀಗ.

ಇಂಟರ್ನೆಟ್ಟೇ ಒಂದು ಕಾಲಕ್ಕೆ ಹೀಗೆ ಒರಟಾಗಿ ಹಂಚುತ್ತಿತ್ತು. ಸಿ ಕ್ಲಾಸ್‌ಗೆ 256 ವಿಳಾಸ, ಅದರ ಮೇಲಿನ ಬಿ ಕ್ಲಾಸ್‌ಗೆ ನೇರವಾಗಿ 65,536. ಎರಡು ಸಾವಿರ ಬೇಕಾದವರಿಗೂ ಬಿ ಕ್ಲಾಸ್ ಸಿಕ್ಕು ಉಳಿದದ್ದು ಬೀಳು ಬೀಳುತ್ತಿತ್ತು. ಅದನ್ನ ತಪ್ಪಿಸೋಕೆ 1993ರಲ್ಲಿ ಸಿಐಡಿಆರ್ ಬಂತು, ನಾವು ಬರೆಯೋ ಸ್ಲ್ಯಾಶ್ ಅದರದ್ದೇ. ಸ್ಲ್ಯಾಶ್ ಹುಟ್ಟಿದ್ದೇ ಬೇಕಾದಷ್ಟನ್ನೇ ಅಳೆದು ಕೊಡೋಕೆ. ನಾವು ಅಂದಾಜಿಗೆ ಹಾಕಿದ್ರೆ ಅದರ ಉದ್ದೇಶಕ್ಕೇ ನೀರು ಬಿಟ್ಟ ಹಾಗೆ.

ಕ್ಯಾಲ್ಕುಲೇಟರ್ ಇದೆಯಲ್ಲ ಅಂತೀರಾ? ಇದೆ. ಪೈಥಾನ್‌ನಲ್ಲಿ ರೆಡಿ ಫಂಕ್ಷನ್ನೂ ಇದೆ. ಬಳಸಿ, ನಾನೂ ಬಳಸ್ತೀನಿ. ಆದರೆ ಉತ್ತರ ಸರಿಯಾ ಅಂತ ಹೇಳೋಕೆ ಒಮ್ಮೆಯಾದ್ರೂ ಕೈಯಲ್ಲಿ ಮಾಡಿರಬೇಕು. ನಮ್ಮ ಕ್ಲಾಸ್‌ನಲ್ಲಿ /28 ಕೊಟ್ಟು ವಿಳಾಸ ಹುಡುಕಿ ಅಂತ ಕೇಳ್ತಾರೆ. ಕೆಲಸದಲ್ಲಿ ಬರೋದು ಉಲ್ಟಾ. ನಮ್ಮ ದೇಶದಲ್ಲಿ ವಿಳಾಸ ಹಂಚುವ ಐಆರ್‌ಐಎನ್‌ಎನ್ 2012ರಿಂದ ಇದೆ. ಇಂಥ ನೋಂದಣಿ ದಾಖಲೆಗಳಲ್ಲಿ ಸಾಮಾನ್ಯವಾಗಿ ಇರೋದು "ಇಲ್ಲಿಂದ ಇಲ್ಲಿಯವರೆಗೆ" ಅಂತಲೇ. ಸ್ಲ್ಯಾಶ್ ನಾವೇ ಹಾಕಬೇಕು. ಆ ದಿಕ್ಕಿನ ಲೆಕ್ಕವೂ ಲ್ಯಾಬ್ ರೆಕಾರ್ಡ್‌ಗೆ ಬರಲಿ ಅನ್ನೋದೇ ನನ್ನ ವಾದ.

ಇನ್ನೊಂದು ಮಾತು. ಇಂಗ್ಲಿಷ್‌ನಲ್ಲಿ ಇದನ್ನ ಮೂರು ಸಲ ಓದಿ ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದು ಅಜ್ಜನಿಗೆ ಹೇಳೋಕೆ ಹೋದಾಗ. ನೀವೂ ಮನೆಯಲ್ಲಿ ಯಾರಿಗಾದ್ರೂ ಹೇಳಿ ನೋಡಿ.

ಅದಕ್ಕೂ ಮುಂಚೆ ಒಂದು ಲೆಕ್ಕ: 192.168.10.100 ರಿಂದ 192.168.10.130. ಕ್ಯಾಲ್ಕುಲೇಟರ್ ಮುಟ್ಟದೆ ಮಾಡಿ. ಐದು ತುಂಡು ಬಂದ್ರೆ ನಿಮ್ಮ ಚಕ್ಕುಬಂದಿ ಸರಿ ಇದೆ.