ನಮ್ಮೂರಿನ ‘ಸ್ನೋ ಡೇ’

ಜನವರಿ ಬಂತಂದ್ರೆ ಅಮೆರಿಕದಲ್ಲಿರೋ ಗೆಳೆಯರ ವಾಟ್ಸ್ಆ್ಯಪ್ ಸ್ಟೇಟಸ್ ಎಲ್ಲ ಬೆಳ್ಳಗಾಗುತ್ತೆ. ಹಿಮದಲ್ಲಿ ಮುಚ್ಚಿಹೋದ ಕಾರು, ಮೂಗು ಕೆಂಪಾದ ಮಕ್ಕಳು, ಕೆಳಗೆ ‘ಸ್ನೋ ಡೇ’ ಅಂತ ಎರಡು ಪದ. ಚಳ್ಳಕೆರೆಯವರು ಅದನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ನಮಗೂ ಅಂಥ ದಿನ ಇದೆ. ಅದರ ಬಣ್ಣ ಬಿಳಿ ಅಲ್ಲ, ಕೆಂಪು. ಹೆಸರು ಮಳೆ.

ನಗಬೇಡಿ. ಮಲೆನಾಡಿನವರಿಗೆ ಮಳೆ ಅಂದ್ರೆ ನಾಲ್ಕು ತಿಂಗಳು ಮನೆಯಲ್ಲೇ ಠಿಕಾಣಿ ಹೂಡೋ ನೆಂಟ. ನಮಗೆ ಅದು ಎಂದಾದರೊಮ್ಮೆ, ಹೇಳದೆ ಕೇಳದೆ ಬರೋ ನೆಂಟ. ಅರಬ್ಬಿ ಸಮುದ್ರದಿಂದ ಹೊರಟ ಮೋಡ ಪಶ್ಚಿಮಘಟ್ಟ ಹತ್ತುವಾಗಲೇ ಹೊರೆ ಇಳಿಸಿಬಿಡುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಮಳೆ, ನಮ್ಮಲ್ಲಿ 500ರ ಆಸುಪಾಸು. ಜೂನ್, ಜುಲೈನಲ್ಲಿ ನಮಗೆ ಸಿಗೋದು ಗಾಳಿಯೇ ಜಾಸ್ತಿ. ಗಟ್ಟಿ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಸಂಜೆ ಹೊತ್ತು, ಗುಡುಗು ಸಿಡಿಲಿನ ಜೊತೆ.

ಅಂಥ ಸಂಜೆ ಊರು ಹೇಗಿರುತ್ತೆ ಗೊತ್ತಾ? ಮೊದಲು ಕರೆಂಟ್ ಹೋಗುತ್ತೆ, ಹಿಂದೆಯೇ ವೈಫೈ. ಮನೆಯಿಂದ ಕೆಲಸ ಮಾಡೋ ನನ್ನಂಥವರ ಮೀಟಿಂಗ್ ಅರ್ಧಕ್ಕೆ ನಿಲ್ಲುತ್ತೆ. ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿ, ಪ್ಯಾಂಟ್ ಮಡಚಿ, ಸಿಡಿಲು ದೂರ ಸರಿದ ಮೇಲೆ ಛತ್ರಿ ಹಿಡಿದು ನೆಹರು ವೃತ್ತದ ಕಡೆ ನಡೆಯೋದು. ಬೈಕುಗಳು ಅಂಗಡಿ ಸಾಲಿನ ಕೆಳಗೆ ಸೇರಿಕೊಂಡಿರುತ್ತವೆ. ಲಾರಿಗಳ ಹಾರ್ನ್ ಇಲ್ಲ. ತಗಡಿನ ಮೇಲೆ ಮಳೆ ಬೀಳೋ ಸದ್ದು ಬಿಟ್ಟರೆ ಮನುಷ್ಯರ ಮಾತು ಮಾತ್ರ.

ಆ ಮಾತೂ ಒಂದೇ ವಿಷಯದ್ದು. ಗುರುತಿಲ್ಲದವರು ಕೂಡ ಅಕ್ಕಪಕ್ಕ ನಿಂತು ಕೇಳ್ತಾರೆ: “ನಿಮ್ಕಡೆ ಬಂತೇನಣ್ಣ?” “ಬಂತು ಕಣಪ್ಪ, ಹದ ಆಗೈತೆ.” ಇದು ಹವಾಮಾನದ ಹರಟೆ ಅಲ್ಲ. ಶೇಂಗಾ ಗಿಡದ ಹೂವಿನಿಂದ ಇಳಿದ ಎಳೆ ಮಣ್ಣಿಗೆ ಚುಚ್ಚಿಕೊಂಡು ಕಾಯಿ ಕಟ್ಟಬೇಕಾದರೆ ಆ ಹೊತ್ತಿಗೆ ನೆಲ ಮೆತ್ತಗಿರಬೇಕು. ನೆಲ ಗಟ್ಟಿಯಾಗಿದ್ದರೆ ಮೇಲೆ ಗಿಡ ಹಸಿರಾಗಿ ಕಂಡರೂ ಬುಡದಲ್ಲಿ ಏನೂ ಇರಲ್ಲ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರಿದು. ಹಾಗಾಗಿ ಹೊಲ ಇಲ್ಲದವರ ವರ್ಷವನ್ನೂ ಈ ಒಂದೆರಡು ಮಳೆಯೇ ತೀರ್ಮಾನ ಮಾಡುತ್ತೆ.

ಕೈಗಾಡಿ ಹತ್ತಿರ ಮಂಡಕ್ಕಿ, ಬಾಣಲೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ. ಪಕ್ಕದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಕುರಿಗಾಹಿ ಅಜ್ಜ, ಬ್ರ್ಯಾಂಡೆಡ್ ಜಾಕೆಟ್ ಹಾಕಿದ ನಮಗಿಂತ ಬೆಚ್ಚಗೆ ನಿಂತಿರ್ತಾರೆ. ಕುರಿಯ ಉಣ್ಣೆಯಲ್ಲಿರೋ ಜಿಡ್ಡು ನೀರನ್ನು ಬೇಗ ಒಳಗೆ ಬಿಡಲ್ಲ. ಇನ್ನು ಮಣ್ಣಿನ ವಾಸನೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದಕ್ಕೆ ‘ಪೆಟ್ರಿಕೋರ್’ ಅಂತ ಹೆಸರಿಟ್ಟರು. ಒಣಗಿದ ನೆಲಕ್ಕೆ ನೀರು ಬಿದ್ದಾಗ ಏಳೋ ಘಮ ಅದು. ತಿಂಗಳುಗಟ್ಟಲೆ ಒಣಗಿದ ನಮ್ಮ ನೆಲಕ್ಕೆ ಆ ಘಮದಲ್ಲಿ ಬಡತನವಿಲ್ಲ.

ಈಗ ಅಮೆರಿಕದ ಹಿಮಕ್ಕೆ ಬರೋಣ. 2016ರ ಜನವರಿ 23ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ 27 ಇಂಚಿಗೂ ಹೆಚ್ಚು ಹಿಮ ಬಿತ್ತು. ಮಧ್ಯಾಹ್ನ ಎರಡೂವರೆಯಿಂದ ಸಾಮಾನ್ಯ ವಾಹನಗಳು ರಸ್ತೆಗಿಳಿಯೋದನ್ನೇ ನಗರಾಡಳಿತ ನಿಷೇಧಿಸಿತು. ಜನ ಕಾರು ಓಡಾಡೋ ರಸ್ತೆಯ ನಟ್ಟನಡುವೆ ನಡೆದರು, ಹಿಮದ ಉಂಡೆ ಎಸೆದಾಡಿದರು. ಅದೇ ದೇಶದಲ್ಲಿ, ಹಾಲಿಗೂ ಕಾರು ತೆಗೆಯಬೇಕಾದ ದೂರದ ಬಡಾವಣೆಗಳೂ ಇವೆ. ಅಲ್ಲಿರೋರಿಗೆ ಅಷ್ಟೇ ಹಿಮ ಅಂದ್ರೆ ಗೃಹಬಂಧನ. ಹಿಮ ಒಂದೇ, ವ್ಯತ್ಯಾಸ ಇರೋದು ಬೀದಿಯಲ್ಲಿ. ಹಾಲು, ಔಷಧಿ, ಗೆಳೆಯರ ಮನೆ ಎಲ್ಲ ಕಾಲ್ನಡಿಗೆಯಲ್ಲಿ ಸಿಕ್ಕರೆ ಬಿರುಗಾಳಿಯೂ ಹಬ್ಬ.

ನಮ್ಮ ಕಡೆಯದ್ದೇ ಉದಾಹರಣೆ ಬೇಕಾ? 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿಸಿಕೊಳ್ಳಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ, ಅಂದ್ರೆ 89 ವರ್ಷಗಳ ಬಳಿಕ ಕೋಡಿ ಬಿತ್ತು. ಆ ನೀರು ವೇದಾವತಿಯಲ್ಲಿ ನಮ್ಮ ತಾಲ್ಲೂಕಿಗೂ ಹರಿದು ಬಂತು. ಜಿಲ್ಲೆಯ ಜನ ಕೋಡಿ ನೋಡೋಕೆ ಜಾತ್ರೆಗೆ ಹೋದ ಹಾಗೆ ಹೋದರು. ಅದೇ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಲಕ್ಷಗಟ್ಟಲೆ ಸಂಬಳ ಇದ್ದರೂ ಮನೆಯಿಂದ ನಡೆದು ಹೋಗಬಹುದಾದ ಜಾಗ ಒಂದೂ ಇಲ್ಲದಿದ್ದರೆ ಮಳೆ ಬರೀ ಟ್ರಾಫಿಕ್ ಅಪ್‌ಡೇಟ್ ಆಗಿಬಿಡುತ್ತೆ.

ನ್ಯೂಯಾರ್ಕ್‌ನಲ್ಲಿ ‘ಸ್ನೆಕ್‌ಡೌನ್’ ಅನ್ನೋ ಒಂದು ಪದ ಚಾಲ್ತಿಯಲ್ಲಿದೆ. ಹಿಮ ಬಿದ್ದ ಮೇಲೆ ರಸ್ತೆ ತಿರುವಿನಲ್ಲಿ ಚಕ್ರ ತಾಗದೆ ಉಳಿದ ಬಿಳಿ ಜಾಗಕ್ಕೆ ಆ ಹೆಸರು. ವಾಹನಕ್ಕೆ ಬೇಡದ, ನಡೆಯೋರಿಗೆ ಕೊಡಬಹುದಾದ ಜಾಗ ಎಷ್ಟಿದೆ ಅಂತ ಹಿಮವೇ ತೋರಿಸುತ್ತೆ. ನಮ್ಮಲ್ಲಿ ಆ ಕೆಲಸ ಮಳೆಯದ್ದು. ಫುಟ್‌ಪಾತ್ ಎಲ್ಲಿ ಮಾಯವಾಗಿದೆ, ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ನೀರು ಹರಿಯೋ ಹಳೇ ದಾರಿಯ ಮೇಲೆ ಎಲ್ಲಿ ಸೈಟು ಎದ್ದಿದೆ ಅನ್ನೋದಕ್ಕೆ ಒಂದು ಗಂಟೆ ಮಳೆಗಿಂತ ಒಳ್ಳೆ ಸರ್ವೇಯರ್ ಇಲ್ಲ. ನಡೆದು ಹೋದವರ ಕಣ್ಣಿಗೆ ಮಾತ್ರ ಅದು ಬೀಳುತ್ತೆ. ಕಾರಿನ ಗಾಜು ಏರಿಸಿಕೊಂಡವರಿಗೆ ಕಾಣೋದು ವೈಪರ್ ಅಷ್ಟೇ.

ಎಲ್ಲರಿಗೂ ಇದು ಮಜಾ ಅಂತ ನಾನು ಹೇಳ್ತಿಲ್ಲ. ತಗ್ಗಿನ ಮನೆಯವರು ಮಂಚದ ಮೇಲೆ ಅಕ್ಕಿ ಚೀಲ ಇಟ್ಟು ಕೂತಿರ್ತಾರೆ. ಬೀದಿಯಲ್ಲಿ ತರಕಾರಿ ಮಾರೋ ಅಕ್ಕನ ವ್ಯಾಪಾರ ಅರ್ಧಕ್ಕೆ ನಿಂತಿರುತ್ತೆ. ಕಿತ್ತು ಹೊಲದಲ್ಲಿ ಹಾಕಿದ ಶೇಂಗಾ ಬಳ್ಳಿಯ ಮೇಲೆ ಬಿದ್ದರೆ ಇದೇ ಮಳೆ ಶಾಪ. ನಡೆದು ಹೋಗೋದರ ಲಾಭ ಇಲ್ಲೂ ಇದೆ. ಯಾರ ಮನೆಗೆ ನೀರು ನುಗ್ಗಿದೆ ಅಂತ ಗೊತ್ತಾಗುತ್ತೆ, ಗೊತ್ತಾದ ಮೇಲೆ ಕೈ ಜೋಡಿಸೋಕೆ ಹತ್ತು ಹೆಜ್ಜೆ ಸಾಕು.

ಬಾಡಿಗೆ ಮನೆಯೋ, ಫ್ಲ್ಯಾಟೋ ಹುಡುಕ್ತಿದ್ದೀರಾ? ಲಿಫ್ಟು, ಜಿಮ್ಮು, ಕ್ಲಬ್‌ಹೌಸ್ ಎಲ್ಲ ಕೇಳಿ, ತಪ್ಪಿಲ್ಲ. ಜೊತೆಗೆ ಒಮ್ಮೆ ಮಳೆ ಬರೋ ದಿನ ಹೋಗಿ ಆ ಬೀದಿಯಲ್ಲಿ ನಡೆದು ನೋಡಿ. ಛತ್ರಿ ಹಿಡಿದು ಹತ್ತು ನಿಮಿಷದಲ್ಲಿ ಹಾಲು, ಮಾತ್ರೆ, ಒಂದು ಪ್ಲೇಟ್ ಬಿಸಿ ಬಜ್ಜಿ ಮತ್ತು “ಯಾಕಪ್ಪ ನೆನಕೊಂಡು ಬಂದೆ?” ಅಂತ ಗದರೋ ಒಬ್ಬ ಮನುಷ್ಯ, ಈ ನಾಲ್ಕೂ ಸಿಕ್ಕರೆ ಅಡ್ವಾನ್ಸ್ ಕೊಟ್ಟುಬಿಡಿ.