ಹೊರನಡೆದರೆ ಮುಚ್ಚಿದಂತಾಗದು



ಈ ಸಲದ ಯುಗಾದಿ ಕಳೆದ ಮರುದಿನ ಸಂಜೆ, 2017ರಿಂದ ನಾನು ನಿರ್ವಾಹಕನಾಗಿದ್ದ ನಮ್ಮೂರಿನ ವಾಟ್ಸಾಪ್ ಗ್ರೂಪನ್ನು ಮುಚ್ಚಿದೆನು. ಅಂದಿನಿಂದ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ ಕಂಡವರೆಲ್ಲರೂ ನನ್ನನ್ನು ಅಪರಾಧಿಯಂತೆ ವಿಚಾರಿಸುತ್ತಿದ್ದಾರೆ. "ಏನ್ರಿ ಮಾಸ್ತರ, ಊರ ಮಂದಿ ಕೂಡೂ ಕಟ್ಟೀನ ಕೆಡವಿಬಿಟ್ರಲ್ರಿ" ಎಂದು ಹಿರಿಯರೊಬ್ಬರು ನಾಲ್ಕು ಜನರ ಮುಂದೆಯೇ ಕೇಳಿದರು. ನಿವೃತ್ತ ಶಿಕ್ಷಕನಿಗೆ ಅಧಿಕಾರದ ಚಪಲ ಇನ್ನೂ ಹೋಗಿಲ್ಲವೆಂದು ಬೆನ್ನ ಹಿಂದೆ ಆಡಿಕೊಂಡವರೂ ಉಂಟು. ಎಲ್ಲರಿಗೂ ಒಂದೇ ಬಾರಿ ಉತ್ತರ ಹೇಳುವುದು ಲೇಸೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ. ಮುಚ್ಚಿದ್ದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ತಡವಾಗಿ ಮುಚ್ಚಿದ್ದಕ್ಕಾಗಿ ಇದೆ.

ಆ ಗ್ರೂಪು ಹುಟ್ಟಿದ್ದು ಕೆರೆಯ ಹೂಳಿಗಾಗಿ. ಬರದ ಬೇಸಿಗೆಯಲ್ಲಿ ಕೆರೆಯ ತಳ ಬಿರುಕುಬಿಟ್ಟು ಕಾಣುತ್ತಿರುವಾಗಲೇ ಹೂಳೆತ್ತಬೇಕೆಂದು ನಾಲ್ಕಾರು ಜನ ನಿಶ್ಚಯಿಸಿದೆವು. ಯಾರ ಟ್ರ್ಯಾಕ್ಟರು ಯಾವ ದಿನ, ಯಾರ ಹೊಲಕ್ಕೆ ಎಷ್ಟು ಲೋಡು ಮಣ್ಣು, ಯಾರಿಂದ ಎಷ್ಟು ಹಣ ಬಂದಿತು, ಡೀಸೆಲ್ಲಿಗೆ ಎಷ್ಟು ಹೋಯಿತು ಎಂಬುದನ್ನು ಪ್ರತಿ ರಾತ್ರಿ ಒಂಬತ್ತು ಗಂಟೆಗೆ ನಾನು ಅಲ್ಲಿ ಬರೆಯುತ್ತಿದ್ದೆನು. ಪುಣೆಯಲ್ಲಿ, ಮುಂಬಯಿಯಲ್ಲಿ ದುಡಿಯುತ್ತಿದ್ದ ನಮ್ಮೂರ ಹುಡುಗರು ಆ ಲೆಕ್ಕವನ್ನು ನೋಡಿಯೇ ಹಣ ಕಳುಹಿಸಿದರು. ಒಂದು ರೂಪಾಯಿಯ ವಿವಾದವೂ ಏಳಲಿಲ್ಲ. ಮಳೆ ಬಂದಿತು, ಕೆರೆಗೆ ನೀರು ನಿಂತಿತು, ಕೆಲಸ ಮುಗಿಯಿತು.

ಕೆಲಸ ಮುಗಿಯಿತಾದರೂ ಗ್ರೂಪು ಮುಗಿಯಲಿಲ್ಲ. ಕಾಯಕವಿಲ್ಲದ ಕೈ ಏನನ್ನಾದರೂ ಕೆದಕುತ್ತದೆಯಷ್ಟೆ. ಮೊದಲು ಶುಭೋದಯದ ಹೂವುಗಳು ಬಂದವು, ಅನಂತರ ಗೆಡ್ಡೆಗೆಣಸಿನ ಔಷಧಗಳು, ತರುವಾಯ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಫಾರ್ವರ್ಡುಗಳು. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ನಾಡಿನಲ್ಲೆಲ್ಲ ಹರಿದಾಡಿದುದು ಓದುಗರಿಗೆ ನೆನಪಿರಬಹುದು. ಒಂದು ಮಧ್ಯಾಹ್ನ ನಮ್ಮ ಗ್ರೂಪಿನಲ್ಲಿಯೂ ಒಂದು ಧ್ವನಿಸಂದೇಶ ಬಿದ್ದಿತು: ಪಾತ್ರೆ ಮಾರುವವರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ! ಅದೇ ಹೊತ್ತಿಗೆ ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ವ್ಯಾಪಾರಿಯೊಬ್ಬ ಕೆಳಗಿನ ಓಣಿಯಲ್ಲಿ ಕೂಗುತ್ತ ಬಂದನು. ಅವನನ್ನು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಪಾತ್ರೆಗಳನ್ನು ಚೆಲ್ಲಾಡಿದರು. ಒಬ್ಬಿಬ್ಬರು ಕೈಯನ್ನೂ ಮಾಡಿದರು. ಹಗ್ಗ ತರಲು ಒಬ್ಬ ಓಡಿದ್ದನಂತೆ. ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು, "ಇವ ಇಪ್ಪತ್ತು ವರ್ಷದಿಂದ ನಮ್ಮ ಮನೀಗೆ ಬರ್ತಾನ, ನನ್ನ ಮಗಳ ಲಗ್ನದ ಕೊಡಾನೂ ಇವನ ಕೊಟ್ಟಾನ, ಕೈ ತಗೀರೋ ಭಾಡ್ಯಾಗಳ್ರಾ" ಎಂದು ಅವನ ಮುಂದೆ ನಿಂತಳು. ಆಕೆಯ ಬಳಿ ಮೊಬೈಲು ಇರಲಿಲ್ಲ.

ನಾನು ಆಗ ಊಟ ಮಾಡಿ ಮಲಗಿದ್ದೆನು. ಆ ಸಂದೇಶ ಮೂರು ಗಂಟೆಗಳ ಕಾಲ ನನ್ನ ಗ್ರೂಪಿನಲ್ಲಿ, ನನ್ನ ಹೆಸರಿನ ಮುಂದೆ ಅಡ್ಮಿನ್ ಎಂದು ಬರೆದಿರುವಲ್ಲಿ ಇದ್ದಿತು. ಎದ್ದ ಮೇಲೆ ನಾನು ಮಾಡಿದ್ದಿಷ್ಟು: ಐದು ನಿಯಮಗಳನ್ನು ಬರೆದು ಹಾಕಿದೆನು. ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರೆಂಬ ಕಾರಣಕ್ಕೆ ಹುಟ್ಟಿದ ವದಂತಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿ, ಹೈದರಾಬಾದಿನ ಒಬ್ಬ ಯುವಕನನ್ನು ಜನರು ಹೊಡೆದು ಕೊಂದರು. ಬಂಧಿತರಾದವರಲ್ಲಿ ಒಂದು ಗ್ರೂಪಿನ ನಿರ್ವಾಹಕನೂ ಇದ್ದನೆಂದು ಪತ್ರಿಕೆಗಳಲ್ಲಿ ಓದಿದೆನು. ನಮ್ಮೂರಿಗೂ ಮುರ್ಕಿಗೂ ನಡುವೆ ಇದ್ದ ಅಂತರ ಒಬ್ಬ ಮುದುಕಿ ಮಾತ್ರ. ಅಂದೇ ಮುಚ್ಚಬೇಕಾಗಿತ್ತು. ಮುಚ್ಚಲಿಲ್ಲ. ಇನ್ನೂರಹದಿನಾಲ್ಕು ಜನರ ಗ್ರೂಪಿಗೆ ಅಡ್ಮಿನ್ ಎನಿಸಿಕೊಳ್ಳುವುದು ನನಗೂ ಹಿತವಾಗಿದ್ದಿತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಆಮೇಲೆ ವಾಟ್ಸಾಪಿನವರೇ ಹಲವು ಬೇಲಿಗಳನ್ನು ಹಾಕಿದರು. 2018ರಲ್ಲಿಯೇ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿಗೊಳಿಸಿದರು. 2020ರಲ್ಲಿ, ಬಹಳ ಸಲ ಸುತ್ತಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದರು. 2022ರಲ್ಲಿ ಇತರರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರವನ್ನು ನಿರ್ವಾಹಕನಿಗೆ ಕೊಟ್ಟರು. ಆದರೆ ಅಳಿಸುವವನು ಅದನ್ನು ಮೊದಲು ನೋಡಬೇಕಲ್ಲವೆ? ಹಗಲಿರುಳು ಎಚ್ಚರವಿರುವ ನಿರ್ವಾಹಕ ಎಲ್ಲಿದ್ದಾನೆ? 2023ರ ಚುನಾವಣೆಯ ಹೊತ್ತಿಗೆ ಗ್ರೂಪು ಎರಡು ಬಣವಾಗಿ, ಅಣ್ಣತಮ್ಮಂದಿರು ಎದುರುಬದುರು ಮನೆಯಲ್ಲಿದ್ದುಕೊಂಡು ಅಲ್ಲಿ ಬೈದಾಡಿದರು. ಬಾಗಿಲು ತೆರೆದು ಮುಖ ನೋಡಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

"ಬೇಡವಾದರೆ ಮ್ಯೂಟ್ ಮಾಡಿಕೊಳ್ಳಬಹುದಿತ್ತಲ್ಲ" ಎನ್ನುತ್ತಾರೆ. ಸದಸ್ಯನು ಮ್ಯೂಟ್ ಮಾಡಿಕೊಳ್ಳಲಿ. ನಿರ್ವಾಹಕನು ಮ್ಯೂಟ್ ಮಾಡಿಕೊಂಡರೆ ಅದು ಕಾವಲುಗಾರನು ಕಿವಿಗೆ ಅರಳೆ ಇಟ್ಟುಕೊಂಡಂತೆ. "ನೀವೊಬ್ಬರೇ ಹೊರನಡೆಯಬಹುದಿತ್ತು, ನಮ್ಮ ಗ್ರೂಪನ್ನೇಕೆ ಕೆಡಿಸಿದಿರಿ" ಎಂಬುದು ಇನ್ನು ಕೆಲವರ ವಾದ. ನನಗೆ ಸಿಟ್ಟು ಬರಿಸುವ ವಾದವೂ ಇದೇ. ಇದ್ದೊಬ್ಬ ನಿರ್ವಾಹಕ ಹೊರನಡೆದರೆ ಉಳಿದವರಲ್ಲಿ ಯಾರೋ ಒಬ್ಬನ ಹೆಗಲಿಗೆ ಆ ನೊಗ ತಾನಾಗಿಯೇ ಬೀಳುತ್ತದೆ. ಅವನು ಒಪ್ಪಿದನೇ, ಬಲ್ಲನೇ ಎಂದು ಕೇಳುವವರಿಲ್ಲ. ಜೋಳ ಕಾಯಲು ಅಟ್ಟಣೆ ಏರಿದವನು ರಾತ್ರೋರಾತ್ರಿ ಇಳಿದು ಹೋಗಿ, ಕವಣೆಯನ್ನು ದಾರಿಹೋಕನ ಕೈಗೆ ಕೊಟ್ಟಂತಲ್ಲವೆ ಇದು? ಇಂದು ಎಷ್ಟೋ ಗ್ರೂಪುಗಳು ಹೀಗೆಯೇ ಅನಾಥವಾಗಿ ನಡೆಯುತ್ತಿವೆ. ಕಟ್ಟಿದವನು ಎಂದೋ ಹೋಗಿದ್ದಾನೆ, ಈಗಿನವನಿಗೆ ತಾನು ನಿರ್ವಾಹಕನೆಂಬುದೇ ತಿಳಿದಿಲ್ಲ.

ಕಾನೂನು ಬಲ್ಲ ಮಿತ್ರರೊಬ್ಬರು, "ನಿಮಗೇಕೆ ಭಯ? ಸದಸ್ಯರು ಹಾಕಿದ್ದಕ್ಕೆ ನಿರ್ವಾಹಕ ಹೊಣೆಯಲ್ಲವೆಂದು ನ್ಯಾಯಾಲಯಗಳೇ ಹೇಳಿವೆ" ಎಂದರು. ನಿಜ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ, ಪೂರ್ವಸಂಚು ಅಥವಾ ಸಮಾನ ಉದ್ದೇಶವಿಲ್ಲದಿದ್ದರೆ ಇತರರ ಸಂದೇಶಕ್ಕಾಗಿ ನಿರ್ವಾಹಕನ ಮೇಲೆ ಅಪರಾಧ ಹೊರಿಸಲಾಗದೆಂದು ಹೇಳಿವೆ. ಆ ತೀರ್ಪುಗಳು ನ್ಯಾಯವಾದವುಗಳೇ. ಪೊಲೀಸರು ನನ್ನನ್ನು ಹಿಡಿಯಲಾರರೆಂಬುದು ಅದರಿಂದ ತಿಳಿಯಿತು. ಆದರೆ ಕಟ್ಟೆಯ ಮೇಲೆ ಕುಳಿತು ನಡುಗುತ್ತಿದ್ದ ಆ ವ್ಯಾಪಾರಿಗೆ ನಾನೇನೂ ಅಲ್ಲವೆಂದು ಅದರಿಂದ ತಿಳಿಯಲಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ತೀರಿಕೊಂಡವರ ಸುದ್ದಿ, ಕಳೆದ ಎಮ್ಮೆಯ ಸುದ್ದಿ, ನೀರು ಬಿಡುವ ವೇಳೆ ಇವೆಲ್ಲವೂ ಅಲ್ಲಿಯೇ ತಿಳಿಯುತ್ತಿದ್ದವು. ಮುಚ್ಚಿದ ತಿಂಗಳೊಳಗೆ ನನ್ನ ಸಹಪಾಠಿಯೊಬ್ಬನು ತೀರಿಕೊಂಡನು. ಮುಂಬಯಿಯಲ್ಲಿರುವ ಅವನ ಗೆಳೆಯನಿಗೆ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ. "ಗ್ರೂಪು ಇದ್ದಿದ್ದರೆ ರಾತ್ರಿ ಬಸ್ಸಿಗೆ ಬರ್ತಿದ್ದೆ" ಎಂದು ಅವನು ಫೋನಿನಲ್ಲಿ ಅತ್ತನು. ಆ ಕರೆಯನ್ನು ನಾನು ಮಾಡಬೇಕಾಗಿತ್ತು. ಗ್ರೂಪು ಇದ್ದ ವರ್ಷಗಳಲ್ಲಿ ಕರೆ ಮಾಡುವ ರೂಢಿಯೇ ನಮ್ಮೆಲ್ಲರಿಗೂ ತಪ್ಪಿಹೋಗಿತ್ತು.

ಮುಚ್ಚಿದ ಬಗೆಯನ್ನೂ ಹೇಳಬೇಕು, ಏಕೆಂದರೆ ಕದ್ದು ಮುಚ್ಚಿದೆನೆಂಬ ಆರೋಪವೂ ಇದೆ. ಹದಿನೈದು ದಿನ ಮೊದಲೇ ಕಾರಣಸಹಿತ ಬರೆದು ಹಾಕಿದೆನು. ಬೇಕಾದ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಲು ಹೇಳಿದೆನು. ಆಕ್ಷೇಪವಿದ್ದವರು ಮನೆಗೆ ಬಂದು ಮಾತನಾಡಿರೆಂದೆನು. ಬಂದವರು ಮೂವರು. ಕೆರೆಯ ಲೆಕ್ಕವೆಲ್ಲವನ್ನೂ ಮುದ್ರಿಸಿ ಗ್ರಾಮ ಪಂಚಾಯಿತಿಗೆ ಕೊಟ್ಟೆನು. ಕೊನೆಯ ಎರಡು ದಿನ ನಿರ್ವಾಹಕನ ಹೊರತು ಬೇರಾರೂ ಬರೆಯದಂತೆ ಮಾಡಿದೆನು. ಒಂದು ಗುಂಡಿ ಒತ್ತಿದರೆ ಗ್ರೂಪು ಅಳಿಯುತ್ತದೆಂದು ನಾನು ತಿಳಿದಿದ್ದೆನು. ಹಾಗಿಲ್ಲ. ಒಬ್ಬೊಬ್ಬರನ್ನಾಗಿ ತೆಗೆದು, ಕೊನೆಗೆ ತಾನೂ ಹೊರಬರಬೇಕು. ಅಷ್ಟಾದರೂ ಅವರವರ ಫೋನಿನಲ್ಲಿರುವ ಹಳೆಯ ಮಾತುಗಳು ಅಲ್ಲಿಯೇ ಉಳಿಯುತ್ತವೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಸಾಧನ ನನ್ನ ಕೈಯಲ್ಲಿರಲಿಲ್ಲ. ಇನ್ನೂರಹದಿಮೂರು ಹೆಸರುಗಳನ್ನು ತೆಗೆಯಲು ಒಂದು ಸಂಜೆ ಹಿಡಿಯಿತು. ಅವರಲ್ಲಿ ಮೂವರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಸರುಗಳ ಬಳಿ ಬೆರಳು ತಡೆಯಿತು.

ಈಗ ಕೆರೆಯ ತೂಬು ಸೋರುತ್ತಿದೆ. ದುರಸ್ತಿಗಾಗಿ ಮತ್ತೊಂದು ಗ್ರೂಪು ಮಾಡಿಕೊಡಿರೆಂದು, ನನ್ನನ್ನು ಬೈದವರೇ ಬಂದು ಕೇಳಿದರು. ಮಾಡಿಕೊಟ್ಟಿದ್ದೇನೆ. ಹನ್ನೊಂದು ಜನರಿದ್ದಾರೆ. ಅದರ ಹೆಸರು, "ತೂಬು ದುರಸ್ತಿ, ದೀಪಾವಳಿವರೆಗೆ ಮಾತ್ರ".