25 ಸಾವಿರಕ್ಕೆ ಹೊಸ ಲ್ಯಾಪ್‌ಟಾಪ್ ಬೇಡವೇ ಬೇಡ

ಪಿಯುಸಿ ಮುಗಿದು ಡಿಗ್ರಿಗೆ ಸೀಟು ಸಿಕ್ಕ ಮನೆಗಳಲ್ಲಿ ಮುಂದಿನ ಮಾತು ಲ್ಯಾಪ್‌ಟಾಪಿನದು. ಸಂಘದಲ್ಲಿ ಎತ್ತಿದ ಸಾಲವೋ, ಹಾಲಿನ ಬಟವಾಡೆಯಲ್ಲಿ ಉಳಿಸಿದ್ದೋ, ಹೇಗೋ 25 ಸಾವಿರ ಹೊಂದಿಸಿಕೊಂಡು ಅಪ್ಪ, ಮಗಳು ತಾಲ್ಲೂಕು ಕೇಂದ್ರದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಸಾರ್?" ಮಗಳು ಏನು ಓದುತ್ತಾಳೆ ಎಂದು ಕೇಳುವವರು ಅಪರೂಪ. 25 ಅಂದ ಕೂಡಲೇ ಮೇಲಿನ ಶೆಲ್ಫಿನಿಂದ ಒಂದು ಹೊಸ ಡಬ್ಬ ಕೆಳಗಿಳಿಯುತ್ತದೆ. ಜೊತೆಗೆ ಒಂದು ಬ್ಯಾಗು, ಒಂದು ಮೌಸು ಫ್ರೀ.

ಆ ಡಬ್ಬ ಕೊಳ್ಳಬೇಡಿ. ಅದೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್ ಸಿಗುತ್ತದೆ. ಬಿಎ, ಬಿಕಾಂ, ಬಿಎಸ್ಸಿ ಓದುವ ಮಕ್ಕಳಿಗೆ ಅದೇ ಸರಿ.

ಯಾಕೆ ಅಂತ ಕೇಳಿ. ಅಗ್ಗದ ಹೊಸ ಲ್ಯಾಪ್‌ಟಾಪಿನ ಡಬ್ಬದ ಮೇಲಿನ ಚೀಟಿ ಓದಿ ನೋಡಿ. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಎಂದು ಬರೆದಿರುವುದು ಸಾಮಾನ್ಯ. ಈಗ ಇದನ್ನು ಓದುತ್ತಿರುವ ನಿಮ್ಮ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿ. ಅದರಲ್ಲೇ 6 ಜಿಬಿ ರ‍್ಯಾಮ್, 128 ಜಿಬಿ ಜಾಗ ಇದ್ದರೂ ಇರಬಹುದು! ಫೋನಿಗಿಂತ ಕಡಿಮೆ ಜಾಗದ ಯಂತ್ರವನ್ನು ಓದಿಗೆಂದು ಮಾರುತ್ತಿದ್ದಾರೆ.

ರ‍್ಯಾಮ್ ಅಂದರೆ ಕಣ, ಸ್ಟೋರೇಜ್ ಅಂದರೆ ಕಣಜ ಅಂದುಕೊಳ್ಳಿ. ಕಣ ಚಿಕ್ಕದಾದರೆ ಒಂದು ಹೊರೆ ಬಡಿದು ತೆಗೆಯುವವರೆಗೆ ಇನ್ನೊಂದು ಕಾಯಬೇಕು. 4 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ 11 ತಾನೇ ಅರ್ಧಕ್ಕಿಂತ ಹೆಚ್ಚು ಕಣ ಹಿಡಿದು ಕೂರುತ್ತದೆ. ಆನ್‌ಲೈನ್ ಕ್ಲಾಸು, ಪಿಡಿಎಫ್ ನೋಟ್ಸು, ವರ್ಡ್ ಮೂರನ್ನೂ ತೆಗೆದರೆ ಮೌಸು ಒತ್ತಿ ಕಾಯುವುದೇ ಕೆಲಸ. 64 ಜಿಬಿ ಕಣಜವೂ ಅಷ್ಟೇ, ಅಪ್‌ಡೇಟಿಗೆ ಜಾಗವಿಲ್ಲ ಎಂಬ ಸೂಚನೆ ವರ್ಷದೊಳಗೇ ಬರುತ್ತದೆ. ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬಿಚ್ಚಿ ದೊಡ್ಡದು ಹಾಕೋಣ ಅಂದರೆ ಆಗದು. ಮೂರು ವರ್ಷದ ಡಿಗ್ರಿಗೆ ತಂದದ್ದು ಎರಡನೇ ವರ್ಷಕ್ಕೆ ಅಟ್ಟ ಸೇರುತ್ತದೆ.

ಇನ್ನು ಆ ಹಳೆಯದರ ವಿಷಯ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಎಂಬ ಸಾಲುಗಳಿವೆ. ಇವು ಆಫೀಸುಗಳಿಗೆಂದೇ ಮಾಡಿದ, ಹೊಸದಿದ್ದಾಗ ಬಹಳ ದುಬಾರಿಯಾಗಿದ್ದ ಯಂತ್ರಗಳು. ಕಂಪನಿಗಳು ಇವನ್ನು ರಾಶಿಗಟ್ಟಲೆ ತಂದು, ಕೆಲವು ವರ್ಷವಾದ ಮೇಲೆ ರಾಶಿಗಟ್ಟಲೆ ಬಿಡುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅವು ಒರೆಸಿ, ರಿಪೇರಿಯಾಗಿ, ‘ರಿಫರ್ಬಿಷ್ಡ್’ ಎಂಬ ಹೆಸರಲ್ಲಿ ಮಾರಾಟಕ್ಕೆ ಬರುತ್ತವೆ. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವುದು ಸುಮಾರು 20 ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಸ್ವಲ್ಪ ಹೆಚ್ಚುಕಡಿಮೆ. ನೋಡಲು ಕಪ್ಪಗೆ, ದಪ್ಪಗೆ ಇರುತ್ತವೆ ನಿಜ. ಆದರೆ ಬಸ್ಸಿನ ನೂಕುನುಗ್ಗಲು ತಡೆಯುತ್ತವೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಸ್ಕ್ರೂ ಬಿಚ್ಚಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಬಹುದು.

"ಸೆಕೆಂಡ್ ಹ್ಯಾಂಡಾ? ಬೇಡಪ್ಪ" ಅನ್ನುವವರಿಗೆ ನಮ್ಮದೊಂದು ಪ್ರಶ್ನೆ. ನಿಮ್ಮ ಊರಲ್ಲಿ ಎಷ್ಟು ಮನೆಯ ಬೈಕು, ಟ್ರ್ಯಾಕ್ಟರು ಹೊಸದಾಗಿ ಬಂದದ್ದು? ಹಸುವನ್ನಂತೂ ನಾವು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎರಡು ಹೊತ್ತು ಹಾಲು ಕರೆದು ನೋಡಿಯೇ ತರುವುದು. ಮೋಸ ಹೋಗುವ ಭಯ ಅಲ್ಲೂ ಇದೆ, ಆದರೂ ತರುತ್ತೇವೆ, ಯಾಕೆಂದರೆ ಪರೀಕ್ಷೆ ಮಾಡುವುದು ಗೊತ್ತು. ಲ್ಯಾಪ್‌ಟಾಪಿಗೂ ಹಲ್ಲು ಇವೆ.

ಮೊದಲ ಹಲ್ಲು ಪ್ರೊಸೆಸರಿನ ಸಂಖ್ಯೆ. ಐ5 ಅಂದರೆ ಸಾಲದು, ಅದರ ಮುಂದಿನ ಅಂಕಿ ನೋಡಿ. ಐ5-8250ಯು ಎಂದಿದ್ದರೆ ಎಂಟನೇ ತಲೆಮಾರು, 10210ಯು ಎಂದಿದ್ದರೆ ಹತ್ತನೆಯದು. 6 ಅಥವಾ 7ರಿಂದ ಶುರುವಾದರೆ ಬಿಡಿ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ವಿಂಡೋಸ್ 11ಕ್ಕೆ ಅಧಿಕೃತ ಒಪ್ಪಿಗೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೇ ಹಳೆಯ ತಲೆಮಾರಿನ ಯಂತ್ರಗಳನ್ನು ಹಳ್ಳಿಯವರ ಕೈಗೆ ದಾಟಿಸುವ ಅವಸರ ಕೆಲವರಿಗೆ.

ಆಮೇಲೆ ಬ್ಯಾಟರಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಇದು ಸಣ್ಣ ವಿಷಯವಲ್ಲ. ಚಾರ್ಜರ್ ಕಿತ್ತು, ಅಂಗಡಿಯಲ್ಲೇ ಕೂತು, ಅರ್ಧ ಗಂಟೆ ವಿಡಿಯೊ ಓಡಿಸಿ. 100ರಿಂದ 85ರ ಹತ್ತಿರ ನಿಂತರೆ ಪರವಾಗಿಲ್ಲ. 60ಕ್ಕೆ ಇಳಿದರೆ ಹೊಸ ಬ್ಯಾಟರಿ ಹಾಕಿಸಿಕೊಡಿ ಅನ್ನಿ, ಇಲ್ಲವೇ ಬೆಲೆ ಇಳಿಸಿ. ಆ ಅರ್ಧ ಗಂಟೆಯಲ್ಲಿ ಪ್ರತಿ ಕೀ ಒತ್ತಿ ನೋಡಿ, ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ, ಕ್ಯಾಮೆರಾ ಮೈಕು ಪರೀಕ್ಷಿಸಿ, ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆನ್ ಆಗುವಾಗ ಯಾವುದೋ ಕಂಪನಿಯ ಹೆಸರು ಬಂದು ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಜಿಎಸ್‌ಟಿ ಬಿಲ್ ಬೇಕೇ ಬೇಕು, ಅದರ ಮೇಲೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರ್ ಇರಬೇಕು. ಆರು ತಿಂಗಳ ಅಥವಾ ವರ್ಷದ ವಾರಂಟಿಯನ್ನು ಬರೆದು ಕೊಡಲಿ, ಬಾಯಿಮಾತು ನಡೆಯದು. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಬಿಲ್ ಇಲ್ಲದೆ ‘ಎರಡು ಸಾವಿರ ಕಡಿಮೆ’ ಅಂದರೆ, ಅದು ಕದ್ದ ಮಾಲಲ್ಲ ಎನ್ನಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ನಮಗೆ ಹೆಚ್ಚು ಸಿಟ್ಟು ಬರುವುದು ‘ಝೀರೋ ಪರ್ಸೆಂಟ್’ ಬೋರ್ಡಿನ ಮೇಲೆ. ಬಡ್ಡಿ ಬಿಟ್ಟುಕೊಡಲು ಫೈನಾನ್ಸಿನವರು ಯಾರ ನೆಂಟರೂ ಅಲ್ಲ. ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಒಂದು ಲೆಕ್ಕ ಮಾಡಿ: ನಗದಿಗೆ 38 ಸಾವಿರಕ್ಕೆ ಬಿಡುವ ಯಂತ್ರವನ್ನು ಕಂತಿಗೆ 40 ಎಂದು ಹೇಳಿ, 800 ಫೀ, 1,500 ಇನ್ಶೂರೆನ್ಸ್ ಸೇರಿಸಿದರೆ ಒಟ್ಟು ಹೆಚ್ಚು ಕೊಟ್ಟದ್ದು 4,300. ಹೆಸರು ಮಾತ್ರ ಝೀರೋ. ಆದ್ದರಿಂದ ಮೊದಲು "ನಗದಿಗೆ ಎಷ್ಟು?" ಎಂದು ಕೇಳಿ, ಕಂತಿನ ಮಾತು ಆಮೇಲೆ. ಸಹಿ ಹಾಕುವ ಮುಂಚೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಎಂದು ಅದರಲ್ಲಿ ಬರೆದಿರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ.

ನಮ್ಮ ಮಾತು ಎಲ್ಲ ಕೋರ್ಸಿಗೂ ಒಪ್ಪುವುದಿಲ್ಲ. ಬಿಸಿಎಗೆ 8 ಸಾಲುವುದು ಕಷ್ಟ, 16 ಜಿಬಿ ರ‍್ಯಾಮ್ ಹಾಕಿಸಿ. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಇರುವುದು ಬೇಕಾಗಬಹುದು. ಆದರೆ ಮೊದಲ ವರ್ಷವೇ 70 ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಬೇಡ, ಬೇಕಾಗುವ ಹೊತ್ತಿಗೆ ಬೆಲೆ, ಮಾಡೆಲ್ ಎರಡೂ ಬದಲಾಗಿರುತ್ತವೆ. ಕನ್ನಡ ಎಂಎಗೋ, ನಮ್ಮಂತೆ ಪತ್ರಿಕೋದ್ಯಮಕ್ಕೋ ಸೇರುವವರಿಗೆ ಒಳ್ಳೆಯ ಕೀಬೋರ್ಡ್ ಮುಖ್ಯ. ಟೈಪಿಂಗಿಗೆ ನುಡಿ ತಂತ್ರಾಂಶ ಉಚಿತ. ಎಂಎಸ್ ಆಫೀಸಿಗೆ ದುಡ್ಡು ಕೇಳಿದರೆ ಕೊಡಬೇಡಿ, ಲಿಬ್ರೆ ಆಫೀಸ್ ಹಾಕಿಸಿ, ಅದೂ ಉಚಿತ.

ಕಟ್ಟಡ ಕಾರ್ಮಿಕರ ಕಾರ್ಡ್ ಇರುವವರು, ಪರಿಶಿಷ್ಟ ಜಾತಿ, ಪಂಗಡದವರು ಕೊಳ್ಳುವ ಮುಂಚೆ ಇಲಾಖೆಯಲ್ಲಿ, ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ. ಸರ್ಕಾರದಿಂದ ಹಿಂದೆ ಲ್ಯಾಪ್‌ಟಾಪ್ ಹಂಚಿದ್ದುಂಟು. ವಾಟ್ಸಾಪಿನಲ್ಲಿ ಬರುವ ‘ಉಚಿತ ಲ್ಯಾಪ್‌ಟಾಪ್’ ಲಿಂಕ್ ಮಾತ್ರ ಒತ್ತಬೇಡಿ.

ಅಂಗಡಿಯವರನ್ನಷ್ಟೇ ಬೈದು ಕಾಲೇಜುಗಳನ್ನು ಬಿಟ್ಟರೆ ಅನ್ಯಾಯ. ದಾಖಲಾತಿ ದಿನ "ಲ್ಯಾಪ್‌ಟಾಪ್ ತಂದರೆ ಒಳ್ಳೇದು" ಅನ್ನುತ್ತಾರೆ. ಯಾವ ಕೋರ್ಸಿಗೆ ಎಂಥದ್ದು, ಯಾವ ಸೆಮಿಸ್ಟರಿನಿಂದ, ಲ್ಯಾಬಿನ ಕಂಪ್ಯೂಟರ್ ಸಂಜೆ ಎಷ್ಟರವರೆಗೆ ಸಿಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಪುಸ್ತಕದ ಪಟ್ಟಿ ಕೊಡುವವರಿಗೆ ಇದನ್ನು ಅರ್ಧ ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲು ಏನು ಕಷ್ಟ? ಈ ವರ್ಷ ಫೀಸು ಕಟ್ಟಲು ಹೋದಾಗ ಪ್ರಿನ್ಸಿಪಾಲರನ್ನೇ ಕೇಳಿ. ಅವರು ಬರೆದು ಕೊಟ್ಟರೆ ಆ ಚೀಟಿಯ ಫೋಟೊ ತೆಗೆದು ನಮಗೆ ಕಳಿಸಿ, ಕಾಲೇಜಿನ ಹೆಸರು ಸಮೇತ ಇಲ್ಲೇ ಹಾಕುತ್ತೇವೆ.